ಇದ್ದಿಲು ಬಸ್ಸಿನ ಚಳಿಗಾಲ

ಇಸ್ತ್ರಿಯವನ ತಳ್ಳುಗಾಡಿ ನಮ್ಮ ಬೀದಿಯ ಮೂಲೆಗೆ ಬಂದು ನಿಂತರೆ ನಾನು ಕಿಟಕಿ ಹಾಕಿಬಿಡುತ್ತೇನೆ. ಮೊಮ್ಮಗಳಿಗೆ ನಗು. "ಅಜ್ಜಿ, ಅವನಿನ್ನೂ ಬೆಂಕಿನೇ ಹಚ್ಚಿಲ್ಲ" ಅನ್ನುತ್ತಾಳೆ. ಹಚ್ಚಿದ ಮೇಲೆ ಹಾಕಿ ಏನು ಪ್ರಯೋಜನ? ಇದ್ದಿಲು ಕೆಂಡವಾಗುವ ಮೊದಲು ಒಂದು ಹೊಗೆ ಬಿಡುತ್ತದಲ್ಲ, ಕಟುವಾಗಿ, ಗಂಟಲ ಹಿಂದೆ ಹೋಗಿ ಕೂರುವಂಥದ್ದು, ಅದರ ಪರಿಚಯ ನನಗೆ ಹಳೆಯದು.

ಹೋದ ತಿಂಗಳು ಮೊಮ್ಮಗಳೇ ನನ್ನನ್ನು ಹಾಸನದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎಳೆ ವಯಸ್ಸಿನ ಡಾಕ್ಟರು, ತಾಳ್ಮೆಯವರು. "ಅಜ್ಜಿ, ನಿಮ್ಮದು ಅಲರ್ಜಿ. ಧೂಳು, ಹೂವಿನ ಪರಾಗ ನಿಮ್ಮ ಮೈಗೆ ಆಗೋದಿಲ್ಲ. ಅಷ್ಟೇ ಆಗಿದ್ರೆ ಸೀನಿನಲ್ಲಿ ಮುಗೀತಿತ್ತು. ಜೊತೆಗೆ ಹೊಗೆ ಸೇರಿದ್ರೆ ಉಸಿರಿನ ದಾರಿ ಒಳಗೆಲ್ಲ ಊದಿಕೊಂಡಿರುತ್ತೆ. ಆಗ ಅದೇ ಧೂಳು ಉಬ್ಬಸ ತರುತ್ತೆ" ಎಂದರು. ಗೊತ್ತು ಕಣಪ್ಪ ಅಂದೆ. ಯಾವ ಡಾಕ್ಟರು ಹೇಳಿದ್ದರು ಅಂತ ಕೇಳಿದರು. ನಮ್ಮ ಅತ್ತೆ ಅಂದೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ಅವರು ನಕ್ಕು ಔಷಧಿ ಬರೆದರು.

ತಮಾಷೆ ಅಲ್ಲ. ಆ ಒಂದು ಚಳಿಗಾಲದಲ್ಲಿ ನನ್ನ ಸಂಸಾರ ನಿಲ್ಲುತ್ತದೋ ಮುರಿಯುತ್ತದೋ ಎಂಬುದು ನನ್ನ ಉಸಿರಿನ ಮೇಲೆ ನಿಂತಿತ್ತು.

ನನ್ನ ತವರು ಹಾಸನದ ಹತ್ತಿರದ ಮೊಸಳೆ. ಜೋಡಿ ಗುಡಿಗಳ ಊರು ಅಂದರೆ ಎಲ್ಲರಿಗೂ ಗೊತ್ತು. ನಮ್ಮದು ಬೇಸಾಯದ ಮನೆ. ಸಣ್ಣವಳಿಂದಲೂ ರಾಗಿ ಕಣ ಶುರುವಾದರೆ ನನಗೆ ಸೀನು. ಒಂಟಿ ಸೀನು ಅಪಶಕುನ ಅನ್ನುತ್ತಾರೆ; ನನ್ನದು ಎಂದೂ ಒಂಟಿಯಾಗಿ ಬಂದದ್ದೇ ಇಲ್ಲ, ಬಂದರೆ ಹಿಂಡುಗಟ್ಟಿಕೊಂಡು ಬರೋದು. ಕಣ್ಣು ಕೆಂಪಾಗಿ, ಮೂಗು ಸೋರಿ, ಸಂಜೆಗೆ ಬಿಸಿನೀರು ಹಾಕಿಕೊಂಡರೆ ಸರಿಹೋಗುತ್ತಿತ್ತು. "ನಮ್ ಗೌರಿ ಸೀನುದ್ಲು, ಸುಗ್ಗಿ ಬಂತು ಅಂತ್ಲೇ ಲೆಕ್ಕ" ಅಂತ ಅಪ್ಪಯ್ಯ ಎಲ್ಲರ ಮುಂದೆ ಹಾಸ್ಯ ಮಾಡುತ್ತಿದ್ದರು. ಮದುವೆ ಮಾತಿನಲ್ಲಿ ಇದನ್ನು ಯಾರೂ ಎತ್ತಲಿಲ್ಲ. ಸೀನುವ ಹುಡುಗಿ ಅಂತ ಯಾರಾದರೂ ಡಂಗೂರ ಹೊಡೆಸುತ್ತಾರೆಯೇ?

ನನ್ನನ್ನು ಕೊಟ್ಟಿದ್ದು ಚನ್ನರಾಯಪಟ್ಟಣಕ್ಕೆ, ಕೊಬ್ಬರಿ ವ್ಯಾಪಾರದವರ ಮನೆಗೆ. ಮನೆ ಹಾಸನದ ರಸ್ತೆಗೇ ಮುಖ ಮಾಡಿತ್ತು. ಮುಂದೆ ಉದ್ದದ ಜಗಲಿ, ಅದರ ಪಕ್ಕಕ್ಕೆ ನಾವು ಹೆಂಗಸರು ಮಲಗುವ ಕೋಣೆ, ಬೀದಿಗೆ ಒಂದೇ ಕಿಟಕಿ. ಮಾವಯ್ಯನವರು ಪಾಲುದಾರರೊಬ್ಬರ ಜೊತೆ ಸೇರಿ ಹಾಸನಕ್ಕೆ ಒಂದು ಬಸ್ಸು ಓಡಿಸುತ್ತಿದ್ದರು. ಎರಡನೇ ಮಹಾಯುದ್ಧ ಬಂದು ಪೆಟ್ರೋಲಿಗೆ ರೇಷನ್ ಆಯಿತು. ಎಲ್ಲರ ಹಾಗೆ ಇವರೂ ಬಸ್ಸಿನ ಬೆನ್ನಿಗೆ ಆಳೆತ್ತರದ ಒಂದು ಕಬ್ಬಿಣದ ಒಲೆ ಕಟ್ಟಿಸಿದರು. ಅದರೊಳಗೆ ಇದ್ದಿಲು ಸುರಿದು ಬೆಂಕಿ ಹಾಕಿ, ಕೈಯಲ್ಲಿ ತಿರುಗಿಸುವ ತಿದಿಯಿಂದ ಗಾಳಿ ಊದಿದರೆ ಒಂದು ಅನಿಲ ಏಳುತ್ತದಂತೆ, ಎಂಜಿನ್ ಅದನ್ನು ಕುಡಿದು ಓಡುತ್ತದಂತೆ. ಊರಿನವರು ಅದನ್ನು ಇದ್ದಿಲು ಬಸ್ಸು ಅನ್ನುತ್ತಿದ್ದರು.

ರಾತ್ರಿ ಬಸ್ಸು ನಿಲ್ಲುತ್ತಿದ್ದುದು ನಮ್ಮ ಜಗಲಿಯ ಮುಂದೆ. ಕೋಳಿ ಕೂಗುವ ಹೊತ್ತಿಗೆ ಕ್ಲೀನರ್ ಚಿಕ್ಕಣ್ಣ ಬಂದು ಹಿಂದಿನ ದಿನದ ಬೂದಿ ಕೆರೆದು, ಇದ್ದಿಲಿನ ಪುಡಿ ಜರಡಿ ಹಿಡಿದು, ಒಲೆ ತುಂಬಿ, ಬೆಂಕಿ ಹಾಕಿ ಗರಗರ ತಿದಿ ತಿರುಗಿಸುತ್ತಿದ್ದ. ಮೊದಲ ಅರ್ಧ ಗಂಟೆ ಬರೀ ಹೊಗೆ. ಬೇಸಿಗೆಯಲ್ಲಿ ಅದು ಮೇಲಕ್ಕೆ ಹೋಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನನಗೆ ಅದು ದೊಡ್ಡ ಸೋಜಿಗ, ಕಿಟಕಿಯಿಂದ ಕತ್ತು ಹಾಕಿ ನೋಡುತ್ತಿದ್ದೆ. ದೀಪಾವಳಿ ಕಳೆದು ಮಂಜು ಬೀಳಲು ಶುರುವಾದ ಮೇಲೆ ಹೊಗೆ ಏಳುವುದನ್ನೇ ಬಿಟ್ಟಿತು. ಒದ್ದೆ ಕಂಬಳಿಯ ಹಾಗೆ ಬೀದಿಯ ಮೇಲೆ ಹಾಸಿಕೊಂಡು, ಸೀದಾ ನಮ್ಮ ಕೋಣೆಗೆ ಬರುತ್ತಿತ್ತು.

ಊರ ಸುತ್ತ ಕಣ ಶುರುವಾಗಿತ್ತು. ಸೀನು ಬಂತು, ಅದು ಬರುವುದೇ. ಆದರೆ ಈ ಸಲ ಸೀನಿನ ಹಿಂದೆ ಎದೆ ಬಿಗಿಯಿತು. ಬೆಳಗಿನ ಜಾವ ಎದ್ದು ಕೂತರೆ ಒಳಗೆ ಗೊರಗೊರ. ಉಸಿರು ಒಳಗೆ ಹೋಗುತ್ತದೆ, ಆಚೆಗೆ ಬರಲು ಒಲ್ಲೆ ಅನ್ನುತ್ತದೆ. ಮೊಣಕಾಲಿನ ಮೇಲೆ ಕೈಯೂರಿ, ಭುಜ ಎತ್ತಿ, ಬಾಯಿ ತೆರೆದು ಕೂತಿರುತ್ತಿದ್ದೆ. ಸತ್ತೇಹೋಗುತ್ತೇನೆ ಎಂದು ಹೆದರಿಕೆಯಾಗುತ್ತಿತ್ತು. ಹದಿನೇಳು ವರ್ಷದವಳು ನಾನು. ಗಂಡನ ಮನೆಯಲ್ಲಿ ಹೆದರಿಕೆಯಾಗಿದೆ ಅಂತ ಹೇಳುವುದು ಯಾರ ಹತ್ತಿರ?

ನಮ್ಮ ಅತ್ತೆ ನಂಜಮ್ಮನವರು ಗಟ್ಟಿ ಹೆಂಗಸು. ಕೊಬ್ಬರಿ ಅಟ್ಟದ ಉಸ್ತುವಾರಿಯೆಲ್ಲ ಅವರದೇ. ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಗಿಟುಕು ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ನನ್ನ ಗೂರಲು ಕಾಯಿಲೆಯನ್ನೂ ಅವರು ನೋಡಿದ್ದು ಹಾಗೆಯೇ. ಬೆಳಿಗ್ಗೆ ಎದ್ದ ತಕ್ಷಣ, "ಬೆನ್ ಕೊಡೇ" ಅಂತ ತಿರುಗಿಸಿ, ಬೆನ್ನಿಗೆ ಕಿವಿ ಒತ್ತಿ ಕೇಳುತ್ತಿದ್ದರು. "ಊಂ, ಅದೆ" ಅನ್ನುತ್ತಿದ್ದರು. ಮಧ್ಯೆ ಮಧ್ಯೆ ಅವರೂ ಕೆಮ್ಮುತ್ತಿದ್ದರು. ಅವರದು ವಯಸ್ಸಿನ ಕೆಮ್ಮು, ಅದನ್ನು ಯಾರೂ ಕೇಳುತ್ತಿರಲಿಲ್ಲ.

ಮೊದಲು ಮೊಸರು ನಿಂತಿತು. ಆಮೇಲೆ ಬಾಳೆಹಣ್ಣು. ಮಲ್ಲಿಗೆ ಮುಡಿಯಬಾರದು ಎಂದಾಯಿತು. ಅರಕಲಗೂಡಿನಿಂದ ಪಂಡಿತರು ಬಂದು ನಾಡಿ ಹಿಡಿದು ಲೇಹ್ಯ ಕೊಟ್ಟರು. ಲೇಹ್ಯ ರುಚಿಯಾಗಿತ್ತು, ಅಷ್ಟು ಮಾತ್ರ ಹೇಳಬಲ್ಲೆ. ಯಾವುದಕ್ಕೂ ಬಗ್ಗದಿದ್ದಾಗ ಅತ್ತೆಮ್ಮ ತಮಗೆ ಗೊತ್ತಿದ್ದ ದೊಡ್ಡ ಔಷಧಿ ತೆಗೆದರು. ಬಾಣಂತಿಯರಿಗೂ ಕೂಸುಗಳಿಗೂ ಕೊಡುವ ಸಾಂಬ್ರಾಣಿ ಹೊಗೆ. ಕೋಣೆಯ ಬಾಗಿಲು ಹಾಕಿ, ಕಿಟಕಿ ಹಾಕಿ, ಧೂಪದ ಬಟ್ಟಲಿಗೆ ಕೆಂಡ ಹಾಕಿ, ಮೇಲೆ ಸಾಂಬ್ರಾಣಿ, ಓಮದ ಕಾಳು, ಲಕ್ಕಿಸೊಪ್ಪು ಉದುರಿಸಿ, ನನ್ನ ತಲೆಯ ಮೇಲೆ ಕಂಬಳಿ ಹೊದಿಸಿ ಕೂರಿಸುತ್ತಿದ್ದರು. ಕೆಂಡ ಎಲ್ಲಿಯದು? ಚಿಕ್ಕಣ್ಣ ಸಂಜೆ ಬಸ್ಸಿನ ಒಲೆಯಿಂದ ತೆಗೆದು ಕೊಡುತ್ತಿದ್ದುದೇ! "ಎಳ್ಕೊಳ್ಳೇ, ಚೆನ್ನಾಗ್ ಎಳ್ಕೊ. ಕಫ ಎಲ್ಲಾ ಕರಗೋಯ್ತದೆ" ಎಂದು ಅವರೂ ಜೊತೆಗೆ ಕೂತು ಕೆಮ್ಮುತ್ತಿದ್ದರು. ನನಗೆ ಉಸಿರು ಇನ್ನೂ ಕಟ್ಟುತ್ತಿತ್ತು. ಕಟ್ಟಿದಷ್ಟೂ ಸಾಂಬ್ರಾಣಿ ಜಾಸ್ತಿಯಾಗುತ್ತಿತ್ತು. ಪಾಪ, ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ನಾನೂ ಅದನ್ನು ಔಷಧಿ ಅಂತಲೇ ನಂಬಿ ಕುಡಿದೆ.

"ತಡಿ, ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಯ್ತದೆ. ಅದ್ರ ಜೊತೇಲೇ ಇದೂ ಓಯ್ತದೆ" ಎಂದು ಸಮಾಧಾನ ಹೇಳುತ್ತಿದ್ದರು. ಅಷ್ಟು ದಿನ ತಡೆಯುವವರು ಯಾರು? ಸಂಕ್ರಾಂತಿಗೆ ನಮ್ಮವರ ಅಕ್ಕ ಪುಟ್ಟಮ್ಮ ಹೊಳೆನರಸೀಪುರದಿಂದ ಬಂದರು. ಎರಡು ಬೆಳಗು ನನ್ನ ಗೊರಗೊರ ಕೇಳಿದರು. ಮೂರನೆಯ ದಿನ ಅಡಿಗೆಮನೆಯಲ್ಲಿ, ನಾನು ಹಿತ್ತಲಲ್ಲಿದ್ದೇನೆ ಎಂದು ಗೊತ್ತಿದ್ದೂ ದನಿ ತಗ್ಗಿಸದೆ ಹೇಳಿದರು.

"ಅಲ್ಲ ಕಣವ್ವ, ಗೂರ್ಲು ಇರೋ ಎಣ್ಣ ಮುಚ್ಚಿಟ್ಟು ನಿಮ್ ತಲೆಗ್ ಕಟ್ಟವ್ರೆ. ನಾಳೆ ಉಟ್ಟೋ ಮಕ್ಳಿಗೂ ಬಂದ್ರೆ ಏನ್ ಮಾಡೀಯೆ? ತೌರಲ್ಲಿ ಬಿಟ್ಬುಟ್ಟು ಬಾ. ನಮ್ಮೂರ ಕಡೆ ಒಂದೊಳ್ಳೆ ಎಣ್ಣದೆ."

ಅತ್ತೆಮ್ಮ ಸೌದೆ ಮುರಿದು ಒಲೆಗೆ ಹಾಕಿದ ಸದ್ದು ಕೇಳಿತು. ಆಮೇಲೆ, "ಮುಚ್ಚಿಟ್ಟಿದ್ರೆ ಬಿಡಾಕಿಲ್ಲ. ನಾನೇ ಓಗಿ ವಿಚಾರ್ಸ್ಕೊಂಡ್ ಬತ್ತೀನಿ" ಅಂದರು. ನನ್ನ ಕೈಯಲ್ಲಿದ್ದ ಬಿಂದಿಗೆ ಬಾವಿಕಟ್ಟೆಯ ಮೇಲೆ ಜಾರಿತು.

ನಮ್ಮವರು ಆ ದಿನ ನನಗೆ ಹೇಳಿದ್ದು ಇಷ್ಟೇ: "ಅವ್ವ ಕರ್ಕೊಂಡೋಯ್ತಾರೆ. ನೋಡನ." ಎರಡು ಮಾತು ಹೆಚ್ಚಿಗೆ ಆಡಿದ್ದರೆ ನಾಲಿಗೆ ಸವೆದುಹೋಗುತ್ತಿತ್ತೇ? ಇದನ್ನು ಆಮೇಲೆ ನಲವತ್ತು ವರ್ಷ ಅವರಿಗೆ ಚುಚ್ಚಿದ್ದೇನೆ. ಅವತ್ತು ಮಾತ್ರ ತಲೆ ತಗ್ಗಿಸಿಕೊಂಡು ಸೀರೆಗಳನ್ನೆಲ್ಲ ಪೆಟ್ಟಿಗೆಗೆ ತುಂಬಿದೆ. ಎಲ್ಲವನ್ನೂ ತುಂಬು ಎಂದು ಅತ್ತೆಮ್ಮನೇ ಹೇಳಿದ್ದರು. ಅದರ ಅರ್ಥ ನನಗೆ ಗೊತ್ತಾಗದ್ದೇನಲ್ಲ.

ನಮ್ಮದೇ ಬಸ್ಸಿನಲ್ಲಿ ಹಾಸನಕ್ಕೆ, ಅಲ್ಲಿಂದ ಅಪ್ಪಯ್ಯ ಕಳಿಸಿದ್ದ ಗಾಡಿಯಲ್ಲಿ ಮೊಸಳೆಗೆ. ಊರು ಸೇರಿದ ಮಾರನೆಯ ದಿನವೇ ವಿಚಾರಣೆ ಶುರುವಾಯಿತು. ಬಾವಿಯ ಹತ್ತಿರ, ಗುಡಿಯ ಹತ್ತಿರ ಸಿಕ್ಕಿದವರನ್ನೆಲ್ಲ ನಿಲ್ಲಿಸಿ, "ನಮ್ ಸೊಸೆಗೆ ಸಣ್ಣೋಳಾಗಿದ್ದಾಗ್ಲೂ ಗೂರ್ಲಿತ್ತಾ?" ಎಂದು ಕೇಳಿದರು. "ಗೂರ್ಲಾ? ಇಲ್ಲ ಕಣವ್ವ. ಸೀನೋಳು. ಅದೇನ್ ಸೀನು ಅಂತೀರಿ!" ಅಂತ ಎಲ್ಲರದ್ದೂ ಒಂದೇ ಉತ್ತರ. ಅತ್ತೆಮ್ಮನಿಗೆ ನಂಬಿಕೆಯಾಗಲಿಲ್ಲ. ಊರಿನವರು ಊರಿನ ಹೆಣ್ಣನ್ನು ಬಿಟ್ಟುಕೊಡುತ್ತಾರೆಯೇ?

ಅದಕ್ಕೇ ನನ್ನನ್ನು ಕಣಕ್ಕೆ ಕರೆದುಕೊಂಡು ಹೋದರು. ಎತ್ತು ಕಟ್ಟಿ ರೋಣಗಲ್ಲು ಉರುಳಿಸುತ್ತಿದ್ದರು. ಇನ್ನೊಂದು ಕಡೆ ರಾಗಿ ತೂರುತ್ತಿದ್ದರು, ಹೊಟ್ಟು ಗಾಳಿಗೆ ಮೋಡದ ಹಾಗೆ ಏಳುತ್ತಿತ್ತು. "ಓಗು, ಅಲ್ ನಿಂತ್ಕೊ" ಎಂದು ಹೊಟ್ಟು ಬೀಳುವ ಕಡೆಗೇ ನನ್ನನ್ನು ನಿಲ್ಲಿಸಿದರು. ಅಪ್ಪಯ್ಯ ಬಾಯಿ ತೆರೆಯಲು ಹೋದರು, ನನ್ನವ್ವ ಅವರ ಪಂಚೆ ಜಗ್ಗಿ ಸುಮ್ಮನಿರಿಸಿದಳು. ಸೀನಿದೆ ನೋಡಿ, ಎತ್ತುಗಳೂ ಕಿವಿ ನಿಮಿರಿಸಿ ನಿಂತವು. ಕಣ್ಣು ಮೂಗು ಒಂದಾದವು. ಅತ್ತೆಮ್ಮ ಬಂದರು. ಅಷ್ಟು ಜನರ ಮುಂದೆ ನನ್ನನ್ನು ತಿರುಗಿಸಿ ಬೆನ್ನಿಗೆ ಕಿವಿ ಒತ್ತಿದರು.

"ಸದ್ದೇ ಇಲ್ವಲ್ಲೇ! ಉಸ್ರು ಬಿಗಿ ಇಡ್ಕೊಂಡಿದ್ದೀಯಾ?"

"ಇಲ್ಲ ಅತ್ತೆಮ್ಮ" ಎಂದು ಇನ್ನೊಂದು ಸಲ ಸೀನಿದೆ.

ಮಾರನೆಯ ದಿನ ಅತ್ತೆಮ್ಮ ಹೊರಡಬೇಕಿತ್ತು. ಮಂಗಳವಾರ ಬೇಡ ಅಂದಳು ಅವ್ವ. ಅದರ ಹಿಂದೆಯೇ ಅಮಾವಾಸ್ಯೆ ಬಂತು, ಅಮಾವಾಸ್ಯೆಯ ದಿನ ಯಾರು ಹೊರಡುತ್ತಾರೆ? ಹೀಗೆ ದಿನ ಉರುಳಿದವು. ಬೆಳಿಗ್ಗೆ ಎದ್ದರೆ ಬೆನ್ನು ಕೊಡುವುದು ಮಾತ್ರ ತಪ್ಪಲಿಲ್ಲ. ಸದ್ದಿಲ್ಲ. ಅವ್ವ ಕದ್ದು ಏನೋ ಔಷಧಿ ಕೊಡುತ್ತಿದ್ದಾಳೆ ಎಂಬ ಅನುಮಾನಕ್ಕೆ ನನ್ನ ಮಜ್ಜಿಗೆ ಲೋಟವನ್ನೂ ಮೂಸಿ ನೋಡಿದರು. ಮಜ್ಜಿಗೆಯಲ್ಲಿ ಮಜ್ಜಿಗೆಯೇ ಇತ್ತು.

ಒಂದು ಮಧ್ಯಾಹ್ನ ಅವ್ವ ಅವರೆಕಾಯಿ ಸುಲಿಯುತ್ತಾ ಸುಮ್ಮನೆ ಕೇಳಿದಳು. "ಬೀಗ್ರೇ, ನೀವು ಬಂದಾಗ ಬೋ ಕೆಮ್ತಿದ್ರಿ. ಈಗ ನಿಂತೋಗದಲ್ಲ?"

"ಅದು ವಯಸ್ಸಿನ ಕೆಮ್ಮು ಬಿಡಿ."

"ನಾಕ್ ದಿನದಾಗೆ ವಯಸ್ಸೇನಾದ್ರೂ ಕಮ್ಮಿ ಆಯ್ತಾ?"

ಅತ್ತೆಮ್ಮನ ಕೈ ಅವರೆಕಾಯಿಯ ಮೇಲೇ ನಿಂತಿತು. ಅವರು ಒಂದು ಸಲ ಗಂಟಲು ಸರಿಮಾಡಿಕೊಂಡರು, ಕೆಮ್ಮಿ ನೋಡಿದರು, ಬೇಕೆಂದರೂ ಬರಲಿಲ್ಲ. ಎದ್ದು ಹೋಗಿ ನಮ್ಮ ಅಡಿಗೆಮನೆಯೊಳಗೆ ನಿಂತು ತಲೆ ಎತ್ತಿ ನೋಡಿದರು. ಒಲೆಯ ನೇರಕ್ಕೆ ಮಾಡಿನಲ್ಲಿ ದೊಡ್ಡ ಬೆಳಕಿಂಡಿ ಇತ್ತು. ಹೊಗೆ ಅದರಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿತ್ತು. "ನಿಮ್ಮೊಲೆಗೆ ದಾರಿ ಅದೆ" ಎಂದಷ್ಟೇ ಹೇಳಿ ಆಚೆ ಬಂದರು.

ಹೊರಡುವ ದಿನ ನನ್ನ ಪೆಟ್ಟಿಗೆ ಒಳಮನೆಯಲ್ಲೇ ಇತ್ತು. ಗಾಡಿ ಕಟ್ಟಿದ್ದಾಯಿತು. ಅಪ್ಪಯ್ಯ ತಲೆ ಬಗ್ಗಿಸಿ ಎತ್ತಿನ ಹಗ್ಗ ಬಿಚ್ಚುತ್ತಾ ಕಟ್ಟುತ್ತಾ ನಿಂತಿದ್ದರು. ಕೇಳುವ ಧೈರ್ಯ ಅವರಿಗಿಲ್ಲ. ಅತ್ತೆಮ್ಮ ಗಾಡಿ ಹತ್ತಿ ಕೂತು, ನನ್ನ ಕಡೆ ತಿರುಗಿ ಗದರಿದರು. "ನೋಡ್ತಾ ನಿಂತವ್ಳೆ! ಪೆಟ್ಗೆ ಎತ್ಕೊಳ್ಳೇ. ಬಸ್ ಒಂಟೋಯ್ತದೆ." ಅಪ್ಪಯ್ಯ ಮುಖ ಆ ಕಡೆ ತಿರುಗಿಸಿ ಟವಲಿನಿಂದ ಒರೆಸಿಕೊಂಡರು. ನಾನು ಪೆಟ್ಟಿಗೆ ಎತ್ತಿಕೊಂಡೆ, ನಾಲ್ಕು ಪೆಟ್ಟಿಗೆಯಾಗಿದ್ದರೂ ಎತ್ತಿಕೊಳ್ಳುತ್ತಿದ್ದೆ.

ಆದರೆ ವಿಚಾರಣೆ ಮುಗಿದಿರಲಿಲ್ಲ. ಹಾಸನದಲ್ಲಿ ಬಸ್ಸು ಹತ್ತುವಾಗ ಮುಂದೆ ಹೆಂಗಸರ ಸೀಟು ಖಾಲಿ ಇದ್ದರೂ ಅತ್ತೆಮ್ಮ ನನ್ನನ್ನು ಹಿಂದಕ್ಕೆ, ಒಲೆಯ ಪಕ್ಕದ ಸೀಟಿಗೆ ಕರೆದುಕೊಂಡು ಹೋಗಿ ಕೂರಿಸಿದರು. ತಾವೂ ಪಕ್ಕದಲ್ಲೇ ಕೂತರು. ಚಿಕ್ಕಣ್ಣ ತಿದಿ ತಿರುಗಿಸಿದ. ಹೊಗೆ ಎದ್ದು ಒಳಕ್ಕೆ ಬಂತು. ನನಗೆ ಎದೆ ಬಿಗಿಯತೊಡಗಿತು, ಅವರಿಗೆ ಕೆಮ್ಮು ಹತ್ತಿತು. "ಬೆನ್ ಕೊಡೇ" ಅಂದರು. ಕಿವಿ ಒತ್ತಿದರು. ನನ್ನ ಗೊರಗೊರ ಅವರಿಗೆ ಕೇಳಿಸಿತೋ, ಅವರ ಕೆಮ್ಮೇ ಅದನ್ನು ಮುಚ್ಚಿತೋ ಕಾಣೆ.

"ಲೇ, ನಂಗೂ ಬಂತಲ್ಲೇ!" ಎಂದರು. ಕಳೆದುಹೋಗಿದ್ದ ಒಡವೆ ಸಿಕ್ಕಿದವರ ಹಾಗೆ ಇತ್ತು ದನಿ.

ಶಾಂತಿಗ್ರಾಮ ದಾಟಿದ ಮೇಲೆ ಒಂದು ಏರಿನಲ್ಲಿ ಬಸ್ಸು ಉಬ್ಬಸ ಪಟ್ಟು ನಿಂತಿತು. ಅದೇನು ಹೊಸದಲ್ಲ. ಗಂಡಸರೆಲ್ಲ ಇಳಿದು ನೂಕಿದರು. ನಾವಿಬ್ಬರು ಗಾಳಿ ಬರುವ ಕಡೆ ಹೊಲದ ಬದುವಿನ ಮೇಲೆ ನಿಂತೆವು. ಸ್ವಲ್ಪ ಹೊತ್ತಿಗೆ ನನ್ನ ಎದೆ ಸಡಿಲವಾಯಿತು. ಅತ್ತೆಮ್ಮ ಬಸ್ಸನ್ನೇ ದುರುಗುಟ್ಟಿ ನೋಡುತ್ತಿದ್ದರು. ಮಾವಯ್ಯನವರು ಆ ಬಸ್ಸನ್ನು ಮಗನಿಗಿಂತ ಮುದ್ದಾಗಿ ನೋಡಿಕೊಳ್ಳುತ್ತಿದ್ದರು, ಅದು ಇಬ್ಬರಿಗೂ ಗೊತ್ತಿತ್ತು.

ಮನೆಯ ಜಗಲಿಯಲ್ಲೇ ಪುಟ್ಟಮ್ಮ ಕೂತಿದ್ದರು. "ಇವ್ಳ್ನ ಯಾಕವ್ವ ವಾಪಸ್ ಕರ್ಕೊಂಡ್ ಬಂದ್ಬುಟ್ಟೆ?" ಎಂದರು.

"ರೋಗ ಅವ್ಳ ತೌರಾಗಿಲ್ಲ ಕಣವ್ವ. ನಮ್ ಜಗ್ಲಿ ಮುಂದೇನೇ ನಿಂತದೆ."

ಮಾವಯ್ಯನವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು. "ಊರೋರೆಲ್ಲಾ ಇದೇ ಬಸ್ಸಲ್ವಾ ಓಡಾಡದು? ನಿನ್ ಮಾತು ಕಟ್ಕೊಂಡು ಬಸ್ ನಿಲ್ಸಕ್ಕಾಯ್ತದಾ?"

"ನಿಲ್ಸಿ ಅಂತ ಯಾರಂದ್ರು? ಊರಾಚೆ ಬೆಂಕಿ ಅಚ್ಕೊಳಿ ಅಂದೆ."

"ಊರಾಚೆ ಇಟ್ರೆ ರಾತ್ರೋರಾತ್ರಿ ಇದ್ಲು ಮಾಯ. ಸುಮ್ಕೆ ಒಳೀಕ್ ಓಗು."

ಅತ್ತೆಮ್ಮ ಸುಮ್ಮನೆ ಒಳಕ್ಕೆ ಹೋದರು. ಅವರು ಅಷ್ಟು ಬೇಗ ಸುಮ್ಮನಾಗಿದ್ದನ್ನು ನಾನು ನೋಡಿರಲಿಲ್ಲ.

ಮಾರನೆಯ ಬೆಳಗಿನ ಜಾವ ಚಿಕ್ಕಣ್ಣ ಬರುವ ಮೊದಲೇ ಅವರು ತಣ್ಣೀರು ಹುಯ್ದುಕೊಂಡು, ಮಡಿ ಉಟ್ಟು, ವಿಭೂತಿ ಧರಿಸಿ, ಬಸ್ಸಿನ ಹಿಂದೆ, ಅವನು ನಿಂತು ತಿದಿ ತಿರುಗಿಸುವ ಜಾಗದಲ್ಲೇ ಸಗಣಿ ಸಾರಿಸಿ ಮಣೆ ಹಾಕಿ ಕೂತಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ. ಕಣ್ಣು ಮುಚ್ಚಿದೆ. ನಮ್ಮ ಮನೆಗಳಲ್ಲಿ ಅಂಗೈಯಲ್ಲಿ ಲಿಂಗವಿದ್ದವರನ್ನು ಮಾತಾಡಿಸುವ ಹಾಗಿಲ್ಲ, ಎಬ್ಬಿಸುವ ಹಾಗಿಲ್ಲ, ಅವರ ತಲೆಯ ಮೇಲೆ ಬೂದಿ ಸುರಿಯುವ ಮಾತಂತೂ ದೂರ. ಚಿಕ್ಕಣ್ಣ ಬಂದವನು ಮೆಟ್ಟು ಬಿಟ್ಟು, ಕೈಕಟ್ಟಿ ದೂರ ನಿಂತ. ಬಸ್ಸಿಗೆ ಬಂದವರೂ ಜಗಲಿಯ ಮೇಲೆ ಸಾಲಾಗಿ ಕೂತರು. ಒಬ್ಬರು ಮುದುಕರು ಕೈಮುಗಿದು ನಿಂತೇಬಿಟ್ಟರು. ಮಾವಯ್ಯನವರು ಬಾಗಿಲಿಗೆ ಬಂದು ನೋಡಿ, ಒಳಕ್ಕೆ ಹೋಗಿ, ಮತ್ತೆ ಬಂದು ನೋಡಿದರು.

"ಪೂಜೆ ಇನ್ನೆಷ್ಟೊತ್ತಂತೆ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು? ಅತ್ತೆಮ್ಮನ ಪೂಜೆ ದಿನವೂ ಹಾಲು ಉಕ್ಕುವಷ್ಟರಲ್ಲಿ ಮುಗಿಯುತ್ತಿತ್ತು. ಅವತ್ತು ಬಿಸಿಲು ತೆಂಗಿನ ಗರಿಗೆ ಬಂದರೂ ಮುಗಿಯಲಿಲ್ಲ. ಹಾಸನದ ಕೋರ್ಟಿಗೆ ಹೋಗಬೇಕಾದವರೊಬ್ಬರು, "ಶಿವಾ, ಬೇಗ ಒಲಿಯಪ್ಪಾ" ಎಂದು ಗೊಣಗಿದರು.

ಎರಡನೆಯ ದಿನವೂ ಅಷ್ಟೇ. ಮೂರನೆಯ ಬೆಳಿಗ್ಗೆ ಪಾಲುದಾರರೇ ಬಂದು ಮಾವಯ್ಯನವರ ಹತ್ತಿರ ಪಿಸುಪಿಸು ಮಾತಾಡಿದರು. ಆ ಸಂಜೆ ಬಸ್ಸು ನಮ್ಮ ಮನೆ ದಾಟಿ ಸೀದಾ ಹೋಯಿತು. ಕೆರೆ ಏರಿಯ ಆಚೆ ಪಾಲುದಾರರ ತೋಟದಲ್ಲಿ ಚಪ್ಪರ ಹಾಕಿ ಬಸ್ಸನ್ನೂ ಇದ್ದಿಲಿನ ಮೂಟೆಗಳನ್ನೂ ಅಲ್ಲಿಗೆ ಸಾಗಿಸಿದರು. ಚಿಕ್ಕಣ್ಣ ಹೆಂಡತಿಯೊಂದಿಗೆ ಕಾವಲಿಗೆ ಹೋದ. ಅವರ ಗುಡಿಸಲನ್ನು ಗಾಳಿ ಬರುವ ಕಡೆಗೇ ಹಾಕಿಸಬೇಕೆಂದು ಅತ್ತೆಮ್ಮ ಖುದ್ದಾಗಿ ಹೋಗಿ ನಿಂತು ಹಾಕಿಸಿದರು. ಮಾವಯ್ಯನವರು ಎಂಟು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಪುಟ್ಟಮ್ಮ ಅದೇ ಬಸ್ಸಿನಲ್ಲಿ ಊರಿಗೆ ಹೊರಟರು. ಹೊಳೆನರಸೀಪುರದ ಆ ಹೆಣ್ಣಿನ ಸುದ್ದಿ ಮತ್ತೆ ಬರಲಿಲ್ಲ.

ಸಾಂಬ್ರಾಣಿಯೂ ನಿಂತಿತು. ಅದು ತಪ್ಪಾಯಿತು ಎಂದು ಮಾತ್ರ ಅತ್ತೆಮ್ಮ ಕೊನೆಯವರೆಗೂ ಒಪ್ಪಲಿಲ್ಲ. "ಕೆಂಡ ತರೋಕೆ ಬಸ್ಸೇ ಇಲ್ವಲ್ಲೇ, ಏನ್ ಮಾಡ್ಲಿ" ಅಂದರು. ಧೂಪದ ಬಟ್ಟಲು ಉಪ್ಪಿನ ಬಟ್ಟಲಾಯಿತು.

ನನ್ನ ಉಬ್ಬಸ ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಗೊರಗೊರ ಸಣ್ಣದಾಯಿತು, ಆಮೇಲೆ ಬೆಳಗಿನ ಜಾವ ಎದ್ದು ಕೂರುವುದು ತಪ್ಪಿತು. ಶಿವರಾತ್ರಿಯ ಹೊತ್ತಿಗೆ ಉಳಿದಿದ್ದು ನನ್ನ ಹಳೆಯ ಸೀನು, ಅದು ನನ್ನ ಸ್ವಂತದ್ದು. ಆ ಹಬ್ಬದ ಬೆಳಿಗ್ಗೆ ಅತ್ತೆಮ್ಮ ಎಂದಿನಂತೆ ಕೋಣೆಗೆ ಬಂದು ಬೆನ್ನು ಕೊಡು ಅಂದರು. ಕಿವಿ ಒತ್ತಿ ಬಹಳ ಹೊತ್ತು ಕೇಳಿದರು. "ಉಸ್ರೆಳಿ. ಬಿಡು. ಇನ್ನೊಂದ್ಸಲ" ಅಂದರು.

"ಏನೂ ಇಲ್ಲ" ಎಂದರು ಕೊನೆಗೆ.

ಮುಗಿಯಿತು ಅಂದುಕೊಂಡು ನಾನು ಸೆರಗು ಸರಿಮಾಡಿಕೊಂಡೆ. ಅವರು ಏಳಲಿಲ್ಲ. ನನ್ನ ಮುಂದೆಯೇ ತಿರುಗಿ, ಬೆನ್ನು ನನ್ನ ಕಡೆ ಮಾಡಿ ಕೂತರು.

"ಈಗ ನಂದ್ ಕೇಳು."

ಅತ್ತೆಯ ಬೆನ್ನಿಗೆ ಸೊಸೆ ಕಿವಿ ಇಡುವುದೆಂದರೇನು! ಇಟ್ಟೆ. ಅವರು ಉಸಿರು ಎಳೆದುಕೊಂಡರು, ಬಿಟ್ಟರು. ಎಲ್ಲೋ ಆಳದಲ್ಲಿ ಸಣ್ಣಗೆ ಗೊರ ಎನ್ನುತ್ತಿತ್ತು. ಸುಳ್ಳು ಹೇಳೋಣವೇ ಎಂದು ಒಂದು ಗಳಿಗೆ ಯೋಚಿಸಿದೆ.

"ಇನ್ನೊಂಚೂರು ಅದೆ ಅತ್ತೆಮ್ಮ."

"ಇರ್ತದೆ ಬಿಡು. ನಾನೀ ಮನೆಗ್ ಬಂದಾಗ ಯಾರೂ ಕೇಳ್ನಿಲ್ವಲ್ಲ" ಎಂದರು.

ಏಳಲು ಹೋದವರನ್ನು ನಾನೇ ಬಿಡಲಿಲ್ಲ. ಕಿವಿ ಅಲ್ಲೇ ಇಟ್ಟುಕೊಂಡಿದ್ದೆ. ಆಮೇಲೆ ದಿನವೂ ಕೇಳಿದೆ, ಅವರು ಇರುವವರೆಗೂ.